ಕೂಲೆಂಟ್ ಡಬ್ಬಿಯಲ್ಲಿ ರಾಗಿ ಅಂಬಲಿ: ಹಳೆಯ ಡೀಸೆಲ್ ಕಾರಿನ ಕೆಟ್ಟ ಕೂಲೆಂಟ್ ಪತ್ತೆ ಹಚ್ಚಿ ತೊಳೆಯುವ ಸಮಗ್ರ ಮಾರ್ಗದರ್ಶಿ

ತೊಳೆದು ಹೊಸ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಹಾಕಿ ಹದಿನೈದು ದಿನ ಆಗಿರುವುದಿಲ್ಲ, ಡಬ್ಬಿಯಲ್ಲಿ ಮತ್ತೆ ಅದೇ ಕಂದು ಗಸಿ. ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ಬಹಳ ಮಂದಿ ಬಂದು ನಿಲ್ಲುವುದು ಇಲ್ಲಿಗೇ. ಹೆಚ್ಚಿನವರು ತಪ್ಪುವುದು ಕೆಲಸದ ಸರದಿಯಲ್ಲಿ. ಸೋರಿಕೆ ಹುಡುಕುವ ಮೊದಲೇ ತೊಳೆಯುತ್ತಾರೆ, ಜಿಡ್ಡು ತೆಗೆಯುವ ಮೊದಲೇ ಆಸಿಡ್ ಹಾಕುತ್ತಾರೆ, ಎಂಜಿನ್ ಒಳಗೆ ಉಳಿದ ನೀರನ್ನು ಲೆಕ್ಕಕ್ಕೆ ಹಿಡಿಯದೆ, ಮೊದಲೇ ನೀರು ಬೆರೆಸಿದ ರೆಡಿ ಮಿಕ್ಸ್ ಕೂಲೆಂಟ್ ಸುರಿಯುತ್ತಾರೆ.

ಇಲ್ಲಿ ಹೇಳಿರುವುದು ಹತ್ತು ಹದಿನೈದು ವರ್ಷ ಓಡಿದ ಡೀಸೆಲ್ ಗಾಡಿಗಳಿಗೆ: 1.3 ಲೀಟರ್ ಎಂಜಿನ್‌ನ ಸ್ವಿಫ್ಟ್, ಡಿಸೈರ್, ವಿಸ್ಟಾ, ಪುಂಟೊ. ದೊಡ್ಡವುಗಳಲ್ಲಿ ಬೊಲೆರೊ, ಸುಮೊ, ಕ್ವಾಲಿಸ್. ಅಳತೆಗಳೆಲ್ಲ 7 ಲೀಟರ್ ಕೂಲೆಂಟ್ ಹಿಡಿಯುವ ಗಾಡಿಯ ಲೆಕ್ಕದಲ್ಲಿವೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ನೋಡಿ ಅದಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಎರಡು ದಿನ ಪೂರ್ತಿ ಬೇಕು. ಸಂಜೆ ಊರಿಗೆ ಹೊರಡುವುದಿದ್ದರೆ ಇವತ್ತು ಬಿಚ್ಚಬೇಡಿ.

ಮೊದಲೇ ಜೋಡಿಸಿಕೊಳ್ಳಬೇಕಾದ್ದು

ಮಾಮೂಲಿ ಪಾನಾ ಸೆಟ್, ಹೋಸ್ ಕ್ಲಿಪ್ ಬಿಚ್ಚಲು ಸ್ಕ್ರೂಡ್ರೈವರ್ ಮತ್ತು ಪ್ಲೈಯರ್, ಅಳತೆ ಗೆರೆ ಇರುವ 10 ಲೀಟರ್ ಬಕೆಟ್, ಅಗಲ ಬಾಯಿಯ ತಟ್ಟೆ, ಆಲಿಕೆ, ತೋಟದ ನೀರಿನ ಪೈಪು, ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ. ಗಾಡಿ ಎತ್ತುವುದಾದರೆ ಜ್ಯಾಕ್ ಸ್ಟ್ಯಾಂಡ್ ಇರಲೇಬೇಕು; ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ.

ಸಾಮಾನುಗಳಲ್ಲಿ: ನೀರು ಬೆರೆಸದ ಕಾನ್ಸಂಟ್ರೇಟ್ ಕೂಲೆಂಟ್ 4 ಲೀಟರ್, ಡಿಸ್ಟಿಲ್ಡ್ ನೀರು 15 ಲೀಟರ್, ಹೊಸ ಥರ್ಮೋಸ್ಟ್ಯಾಟ್ (ಎಂಜಿನ್ ಕಾಯುವ ತನಕ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್) ಅದರ ಗ್ಯಾಸ್ಕೆಟ್ ಸಮೇತ, ರೇಡಿಯೇಟರ್ ಅಥವಾ ಕೂಲೆಂಟ್ ಡಬ್ಬಿಯ ಹೊಸ ಮುಚ್ಚಳ, ಸಿಟ್ರಿಕ್ ಆಸಿಡ್ (ದಿನಸಿ ಅಂಗಡಿಯ ನಿಂಬೆ ಉಪ್ಪು) 150 ಗ್ರಾಂ, ಅಡುಗೆ ಸೋಡಾ 50 ಗ್ರಾಂ, ನೊರೆ ಬಾರದ ಸೋಪು. ಸೋಪಿನ ವಿಷಯ ಮುಂದೆ ವಿವರವಾಗಿ ಬರುತ್ತದೆ. ಡಿಸ್ಟಿಲ್ಡ್ ನೀರನ್ನು ಬಂಕ್‌ಗಳಲ್ಲಿ, ಬ್ಯಾಟರಿ ಅಂಗಡಿಗಳಲ್ಲಿ 5 ಲೀಟರ್ ಕ್ಯಾನ್‌ನಲ್ಲಿ ಮಾರುತ್ತಾರೆ. ಕೇಳುವಾಗ ‘ಬ್ಯಾಟರಿ ನೀರು’ ಎಂದು ಬಿಡಿಸಿ ಹೇಳಿ, ಕ್ಯಾನ್ ಮೇಲಿನ ಚೀಟಿಯನ್ನೂ ಓದಿ. ಪಕ್ಕದ ಕ್ಯಾನ್‌ನಲ್ಲೇ ಬ್ಯಾಟರಿ ಆಸಿಡ್ ಇರುತ್ತದೆ.

ಹಂತ 1: ಮಾದರಿ ತೆಗೆದು ರಾತ್ರಿಯಿಡೀ ಬಿಡಿ

ಎಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ರಾತ್ರಿ ನಿಲ್ಲಿಸಿ ಬೆಳಗ್ಗೆ, ಮುಚ್ಚಳ ತೆಗೆಯಿರಿ. ಬಿಸಿ ಇದ್ದಾಗ ತೆಗೆದರೆ ನೂರು ಡಿಗ್ರಿ ಮೀರಿದ ನೀರು ಮುಖಕ್ಕೆ ಹಾರುತ್ತದೆ. ಬಟ್ಟೆ ಸುತ್ತಿಕೊಂಡು ತೆಗೆಯುವ ಸಾಹಸವೂ ಬೇಡ. ಅರ್ಧ ಲೀಟರ್ ಕೂಲೆಂಟನ್ನು ಪಾರದರ್ಶಕ ಬಾಟಲಿಗೆ ತೆಗೆದು, ಅಲುಗಾಡದ ಕಡೆ ಇಡಿ. ಮರುದಿನ ಬೆಳಗ್ಗೆ ನೋಡಿ.

ಮೇಲೆ ಕಪ್ಪು ಅಥವಾ ಬೂದು ಪದರ ನಿಂತಿದ್ದರೆ ಎಂಜಿನ್ ಆಯಿಲ್. ಡೀಸೆಲ್ ಎಂಜಿನ್ನಿನ ಆಯಿಲ್ ಮಸಿಯಿಂದ ಕಪ್ಪಾಗಿರುವುದರಿಂದ ನೀರಿನ ಜೊತೆ ಕಡೆದಾಗ ಡಿಕಾಕ್ಷನ್ ಹೆಚ್ಚಾದ ಕಾಫಿಯ ಬಣ್ಣ ಬರುತ್ತದೆ, ಇನ್ನೂ ಹಳೆಯದಾದರೆ ರಾಗಿ ಅಂಬಲಿಯಷ್ಟು ಮಂದವಾಗುತ್ತದೆ. ತಳದಲ್ಲಿ ಇಟ್ಟಿಗೆ ಬಣ್ಣದ ಪುಡಿ ಕೂತಿದ್ದರೆ ತುಕ್ಕು. ಬಿಳಿ ಪುಡಿ ಅಥವಾ ಚಕ್ಕೆ ಇದ್ದರೆ ಗಡಸು ನೀರಿನ ಸುಣ್ಣ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್ ನೀರು ಕುಡಿದ ರೇಡಿಯೇಟರ್‌ಗಳಲ್ಲಿ ಇದು ಮಾಮೂಲಿ. ಲೋಳೆಯಂತಿದ್ದು ಕೈಗೆ ಜಿಡ್ಡು ಹತ್ತದಿದ್ದರೆ ಎರಡು ಜಾತಿಯ ಕೂಲೆಂಟ್ ಬೆರೆತಿರಬಹುದು, ಅಥವಾ ಯಾರೋ ಸೋರಿಕೆ ನಿಲ್ಲಿಸುವ ಪುಡಿ ಹಾಕಿರಬಹುದು. ಹಳದಿ ಗಸಿ ಕಂಡರೆ ಹೆಚ್ಚು ಯೋಚಿಸಬೇಡಿ, ಅದು ಅರಿಶಿನ. ಸೋರುವ ರೇಡಿಯೇಟರ್‌ಗೆ ಅರಿಶಿನ ಪುಡಿ ಸುರಿಯುವ ಹೆದ್ದಾರಿ ಚಿಕಿತ್ಸೆ ಇಂದಿಗೂ ಬಿಟ್ಟಿಲ್ಲ. ಅದು ಸೋರುವ ತೂತಿನ ಜೊತೆಗೆ ಹೀಟರ್‌ನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

ಜಿಡ್ಡೋ ಬರೀ ಕೊಳೆಯೋ ಎಂಬ ಅನುಮಾನವಿದ್ದರೆ ಒಂದು ಹನಿಯನ್ನು ನ್ಯೂಸ್ ಪೇಪರ್ ಮೇಲೆ ಬಿಟ್ಟು ಪೂರ್ತಿ ಒಣಗಿಸಿ, ಬೆಳಕಿಗೆ ಹಿಡಿಯಿರಿ. ಬಜ್ಜಿ ಕಟ್ಟಿಕೊಟ್ಟ ಪೇಪರಿನಂತೆ ಕಲೆಯ ಮೂಲಕ ಬೆಳಕು ಹಾದುಬಂದರೆ ಎಣ್ಣೆ. ತುಕ್ಕು ನೀರಿನ ಕಲೆ ಒಣಗಿದ ಮೇಲೆ ಬಣ್ಣ ಉಳಿಸುತ್ತದೆ, ಪಾರದರ್ಶಕವಾಗುವುದಿಲ್ಲ.

ಎಣ್ಣೆ ಇಲ್ಲ, ತುಕ್ಕು ಸುಣ್ಣ ಮಾತ್ರ ಇದೆ ಎಂದು ಖಾತ್ರಿಯಾದರೆ, ಹಂತ 3ರ ಗ್ಯಾಸ್ ಪರೀಕ್ಷೆಯೊಂದನ್ನು ಮುಗಿಸಿಕೊಂಡು ನೇರ ಹಂತ 5ಕ್ಕೆ ಹೋಗಬಹುದು. ಆಗ ಸೋಪಿನ ಸುತ್ತು ಬೇಡ.

ಹಂತ 2: ಎಂಜಿನ್ ಆಯಿಲ್ ಕಡೆ ನೋಡಿ

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಎಳೆದು ನೋಡಿ. ಆಯಿಲ್ ಮಾಮೂಲಿ ಕಪ್ಪಾಗಿ, ಮಟ್ಟ ಸ್ವಲ್ಪ ಇಳಿದಿದ್ದು, ಕೂಲೆಂಟ್‌ನಲ್ಲಿ ಮಾತ್ರ ಅಂಬಲಿ ಇದ್ದರೆ ಮೊದಲ ಅನುಮಾನ ಆಯಿಲ್ ಕೂಲರ್ (ಕೂಲೆಂಟ್ ಹರಿಸಿ ಆಯಿಲ್ ತಣಿಸುವ ಭಾಗ) ಮೇಲೆ. ಕಾರಣ ಸರಳ. ಎಂಜಿನ್ ಓಡುವಾಗ ಆಯಿಲ್ ಒತ್ತಡ 3–4 ಬಾರ್ ಇರುತ್ತದೆ, ಕೂಲೆಂಟ್‌ನದು 1 ಬಾರ್ ಆಸುಪಾಸು. ಎರಡರ ನಡುವಿನ ತೆಳು ತಗಡು ತೂತಾದರೆ ಆಯಿಲ್ ಕೂಲೆಂಟಿಗೆ ನುಗ್ಗುತ್ತದೆ. ಎಂಜಿನ್ ನಿಲ್ಲಿಸಿದಾಗ ಆಯಿಲ್ ಒತ್ತಡ ಆ ಕ್ಷಣವೇ ಸೊನ್ನೆಗೆ ಬರುತ್ತದೆ, ಕೂಲೆಂಟ್ ಒತ್ತಡ ಮಾತ್ರ ತಣ್ಣಗಾಗುವ ತನಕ ಇರುತ್ತದೆ. ಆ ಹೊತ್ತಿನಲ್ಲಿ ಒಂದಿಷ್ಟು ನೀರು ಹಿಂದಕ್ಕೆ ಆಯಿಲ್‌ಗೂ ಸೇರಬಹುದು. ಹಾಗಾಗಿ ಕೂಲರ್ ತೂತಾಗಿ ತಿಂಗಳುಗಟ್ಟಲೆ ಓಡಿಸಿದ ಗಾಡಿಯಲ್ಲಿ ಎರಡೂ ಕಡೆ ಗಲೀಜು ಕಾಣುತ್ತದೆ.

ನಿಮ್ಮ ಎಂಜಿನ್‌ಗೆ ಆಯಿಲ್ ಕೂಲರ್ ಇದೆಯೇ ಎಂದು ತಿಳಿಯಲು ಆಯಿಲ್ ಫಿಲ್ಟರ್ ಕೂರುವ ಜಾಗ ನೋಡಿ. ಅಲ್ಲಿಗೆ ಕೂಲೆಂಟ್ ಹೋಸ್ ಬಂದು ಸೇರಿದ್ದರೆ ಇದೆ. 1.3 ಲೀಟರ್ ಮಲ್ಟಿಜೆಟ್ ಎಂಜಿನ್ನಿನಲ್ಲಿ ಫಿಲ್ಟರ್ ಹೌಸಿಂಗ್‌ಗೆ ಅಂಟಿಕೊಂಡೇ ಇರುತ್ತದೆ.

ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿ, ಬಣ್ಣ ಬೂದಿಯಾಗಿದ್ದರೆ ಬಿರುಕು ಬಿಟ್ಟ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ ಎಂಜಿನ್ ಭಾಗ) ಅಥವಾ ಅದರ ಅಡಿಯ ಹೆಡ್ ಗ್ಯಾಸ್ಕೆಟ್ ಸಹ ಕಾರಣವಿರಬಹುದು. ಖಾತ್ರಿಗೆ ಒಗ್ಗರಣೆ ಪರೀಕ್ಷೆ ಮಾಡಿ. ಅಡುಗೆಗೆ ಮತ್ತೆ ಬಳಸದ ಹಳೆಯ ಚಮಚವನ್ನು ಮನೆಯ ಹೊರಗೆ ಚೆನ್ನಾಗಿ ಕಾಯಿಸಿ, ಕನ್ನಡಕ ಹಾಕಿಕೊಂಡು, ಆಯಿಲ್‌ನ ಎರಡು ಹನಿ ಬಿಡಿ. ಸಾಸಿವೆ ಸಿಡಿದಂತೆ ಚಟಪಟ ಎಂದರೆ ನೀರಿದೆ. ಸುಮ್ಮನೆ ಹರಡಿ ಹೊಗೆಯಾಡಿದರೆ ಇಲ್ಲ.

ಒಂದು ಸುಳ್ಳು ಸುಳಿವಿನ ಬಗ್ಗೆ ಎಚ್ಚರ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡಿನಲ್ಲಿ, ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಆಯಿಲ್ ತುಂಬುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ಪದರ ಕೂರುತ್ತದೆ. ಅದು ತೇವ ಹನಿಗಟ್ಟಿದ್ದು. ಕೂಲೆಂಟ್ ಮಟ್ಟ ಇಳಿಯದೆ, ಡಿಪ್‌ಸ್ಟಿಕ್ ಸ್ವಚ್ಛವಾಗಿದ್ದರೆ ಮುಚ್ಚಳ ಒರೆಸಿ, ಗಾಡಿಯನ್ನು ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ. ಇದನ್ನೇ ತೋರಿಸಿ ಹೆಡ್ ಇಳಿಸೋಣ ಎನ್ನುವವರಿಗೆ ಒಪ್ಪಬೇಡಿ.

ಆಯಿಲ್‌ನಲ್ಲಿ ನೀರು ಖಾತ್ರಿಯಾದರೆ ಗಾಡಿ ಅಲ್ಲೇ ನಿಲ್ಲಲಿ. ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ. ಗ್ಲೈಕಾಲ್ (ಕೂಲೆಂಟಿನ ಮುಖ್ಯ ರಾಸಾಯನಿಕ) ಬೆರೆತ ಆಯಿಲ್ ಬೇರಿಂಗ್‌ಗಳನ್ನು ತಿನ್ನುತ್ತದೆ. ಆಮೇಲೆ ಖರ್ಚು ಎಂಜಿನ್ ಪೂರ್ತಿ ಬಿಚ್ಚಿ ಬೋರ್ ಮಾಡಿಸುವವರೆಗೆ ಹೋಗುತ್ತದೆ.

ಹಂತ 3: ಸೋರುವ ಜಾಗ ಖಾತ್ರಿ ಮಾಡಿಕೊಳ್ಳಿ

*ಗ್ಯಾಸ್ ಪರೀಕ್ಷೆ.* ಬೆಳಗ್ಗೆ ತಣ್ಣಗಿರುವಾಗ ಮೇಲಿನ ರೇಡಿಯೇಟರ್ ಹೋಸ್ ಹಿಸುಕಿ ನೋಡಿ, ಮೆತ್ತಗಿರಬೇಕು. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ. ನೀರು ಇನ್ನೂ ಬೆಚ್ಚಗೂ ಆಗದ ಮೊದಲೆರಡು ನಿಮಿಷದಲ್ಲೇ ಹೋಸ್ ಕಲ್ಲಿನಂತಾದರೆ ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ಬರುತ್ತಿದೆ. ಕೂಲೆಂಟಿಗೆ ಆ ಗ್ಯಾಸ್ ಬರುತ್ತಿದೆಯೇ ಎಂದು ತೋರಿಸುವ ನೀಲಿ ದ್ರಾವಣದ ಬ್ಲಾಕ್ ಟೆಸ್ಟರ್ ಗ್ಯಾರೇಜ್‌ಗಳಲ್ಲಿ ಇರುತ್ತದೆ. ಸೋರಿಕೆ ಇದ್ದರೆ ಪೆಟ್ರೋಲ್ ಗಾಡಿಯಲ್ಲಿ ಅದು ಹಳದಿಗೆ ತಿರುಗುತ್ತದೆ, ಡೀಸೆಲ್‌ನಲ್ಲಿ ಹಸಿರಿಗೆ ತಿರುಗಿದರೂ ಸೋರಿಕೆ ಎಂದೇ ಅರ್ಥ. ಡೀಸೆಲ್ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಇರುವುದರಿಂದ ಐಡಲ್‌ನಲ್ಲಿ ಸಣ್ಣ ಸೋರಿಕೆ ಸಿಕ್ಕಿಬೀಳುವುದಿಲ್ಲ. ಗಾಡಿಯನ್ನು ಒಂದು ಏರು ಹತ್ತಿಸಿ ತಂದ ಮೇಲೆ, ಮುಚ್ಚಳ ತೆಗೆಯುವಷ್ಟು ತಣಿಸಿ, ಮತ್ತೆ ಸ್ಟಾರ್ಟ್ ಮಾಡಿ ಪರೀಕ್ಷಿಸಬೇಕು. ‘ಹಳದಿ ಆಗಲಿಲ್ಲ, ಗ್ಯಾಸ್ಕೆಟ್ ಸರಿ ಇದೆ’ ಎನ್ನುವುದು ಪೆಟ್ರೋಲ್ ಗಾಡಿಯ ಪಾಠ.

*ಒತ್ತಡದ ಪರೀಕ್ಷೆ.* ಕೈ ಪಂಪಿನ ಪ್ರೆಶರ್ ಟೆಸ್ಟರನ್ನು ಮುಚ್ಚಳದ ಜಾಗಕ್ಕೆ ಕೂರಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಡಿ (0.9 ಅಥವಾ 1.1 ಎಂದಿರುತ್ತದೆ, ಬಾರ್ ಲೆಕ್ಕ). ಹದಿನೈದು ನಿಮಿಷ ಮುಳ್ಳು ಇಳಿಯಬಾರದು. ಇಳಿದೂ ಹೊರಗೆಲ್ಲೂ ಹನಿ ಕಾಣದಿದ್ದರೆ ಒಳಗೆ ಸೋರುತ್ತಿದೆ. ಆಗ ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಕೆಳಗಿನ ಆಯಿಲ್ ಬೋಲ್ಟನ್ನು ನಿಧಾನ ಸಡಿಲಿಸಿ: ಆಯಿಲ್‌ಗಿಂತ ನೀರು ಭಾರ, ಮೊದಲು ಅದೇ ಬರುತ್ತದೆ.

*ಆಯಿಲ್ ಕೂಲರ್.* ಬಿಚ್ಚಿ, ಕೂಲೆಂಟ್ ಕಡೆಯ ಒಂದು ತೂತು ಮುಚ್ಚಿ, ಇನ್ನೊಂದಕ್ಕೆ ರೇಡಿಯೇಟರ್ ಅಂಗಡಿಯಲ್ಲಿ 2 ಬಾರ್ ಗಾಳಿ ಕೊಡಿಸಿ, ಬಿಸಿ ನೀರಿನ ಬಕೆಟ್‌ನಲ್ಲಿ ಮುಳುಗಿಸಿ. ತಣ್ಣೀರಿನಲ್ಲಿ ಸುಮ್ಮನಿರುವ ಬಿರುಕು ಬಿಸಿಯಲ್ಲಿ ಬಾಯಿ ತೆರೆಯುವುದುಂಟು. ಗುಳ್ಳೆ ಬರದಿದ್ದರೆ ಕೂಲರ್ ಚೆನ್ನಾಗಿದೆ, ಅದರ ಓ ರಿಂಗ್ ಅಥವಾ ಗ್ಯಾಸ್ಕೆಟ್ ಚಪ್ಪಟೆಯಾಗಿರಬಹುದು. ಇಷ್ಟು ಸಣ್ಣ ರಬ್ಬರ್‌ಗೋಸ್ಕರ ಹೆಡ್ ಇಳಿಸಿದ ಗಾಡಿಗಳು ಎಷ್ಟೋ ಇವೆ. ಅದಕ್ಕೇ ಕೂಲರ್ ಮೊದಲು, ಹೆಡ್ ಆಮೇಲೆ.

ಹಂತ 4: ಮೊದಲು ರಿಪೇರಿ, ಆಮೇಲೆ ತೊಳೆಯುವುದು

ಕೂಲರ್ ತೂತಾಗಿದ್ದರೆ ಹೊಸದೇ ಹಾಕಿ. ಬೆಸುಗೆ ಹಾಕಿಸಿದ ಕೂಲರ್ ಆಯಿಲ್ ಒತ್ತಡಕ್ಕೆ ಬಾಳುವುದಿಲ್ಲ. ಸೀಲ್‌ಗಳೆಲ್ಲ ಹೊಸವು; ಗ್ಯಾಸ್ಕೆಟ್ ಪೇಸ್ಟ್ ಮೆತ್ತಿ ಹಳೆಯ ರಬ್ಬರ್ ಕೂರಿಸುವ ರೂಢಿ ಇಲ್ಲಿ ನಡೆಯದು.

ಹೆಡ್ ಇಳಿಸಲೇಬೇಕಾದರೆ ಎರಡು ಮಾತು. ಲೇತ್‌ನವರಲ್ಲಿ ಹೆಡ್ ಫೇಸಿಂಗ್ (ಅಡಿಯ ಮೇಲ್ಮೈ ಉಜ್ಜಿ ಸಮ ಮಾಡುವುದು) ಮಾಡಿಸುವ ಮೊದಲು ಪ್ರೆಶರ್ ಟೆಸ್ಟ್ ಮಾಡಿಸಿ, ಬಿರುಕಿನ ಹೆಡ್ ಎಷ್ಟು ನುಣುಪಾಗಿದ್ದರೂ ಪ್ರಯೋಜನವಿಲ್ಲ. ಮತ್ತೆ, ಹಲವು ಡೀಸೆಲ್‌ಗಳಿಗೆ ಒಂದೇ ಗ್ಯಾಸ್ಕೆಟ್ ಎರಡು ಮೂರು ದಪ್ಪದಲ್ಲಿ ಬರುತ್ತದೆ. ಅಂಚಿನಲ್ಲಿರುವ ಕಚ್ಚು ಅಥವಾ ತೂತುಗಳ ಸಂಖ್ಯೆಯೇ ಅದರ ಗುರುತು. ಹಳೆಯದನ್ನು ಎಸೆಯುವ ಮೊದಲು ಎಣಿಸಿಟ್ಟುಕೊಂಡು ಅದೇ ಕೊಳ್ಳಿ. ಹೆಡ್ ಮೇಜಿನ ಮೇಲಿರುವಾಗಲೇ ಅದರ ನೀರಿನ ದಾರಿಗಳನ್ನು ಕೈಯಲ್ಲಿ ಉಜ್ಜಿ ತೊಳೆದರೆ ಮುಂದಿನ ಎರಡು ಸುತ್ತು ಉಳಿಯುತ್ತದೆ.

ಆಯಿಲ್‌ಗೆ ನೀರು ಸೇರಿತ್ತಾದರೆ ಆಯಿಲ್ ಎರಡು ಬಾರಿ ಬದಲಿಸಬೇಕು. ಮೊದಲು ಕಡಿಮೆ ಬೆಲೆಯ ಡೀಸೆಲ್ ಎಂಜಿನ್ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಿಡಿ. ಹಂತ 6ರಲ್ಲಿ ಎಂಜಿನ್ ಹೇಗೂ ಓಡುತ್ತದೆ; ಮೊದಲ ಸುತ್ತು ಮುಗಿದ ಕೂಡಲೇ ಬಿಸಿಯಲ್ಲೇ ಇಳಿಸಿ, ಆಮೇಲೆ ಸರಿಯಾದ ಆಯಿಲ್ ಮತ್ತು ಮತ್ತೊಂದು ಫಿಲ್ಟರ್.

ಹಂತ 5: ಇಳಿಸಿ, ಅಳೆಯಿರಿ, ಬರೀ ನೀರಿನಲ್ಲಿ ತೊಳೆಯಿರಿ

ಹೋಸ್ ಮುಟ್ಟಿದರೆ ಬೆಚ್ಚಗಿರಬೇಕು, ಸುಡಬಾರದು. ಕೆಳಗಿನ ಹೋಸ್ ಬಿಚ್ಚಿ ಬಕೆಟ್‌ಗೆ ಇಳಿಸಿ. ಎಷ್ಟು ಲೀಟರ್ ಬಂತು ಎಂದು ಬರೆದಿಡಿ. ಈ ಒಂದು ಅಂಕಿ ಇಲ್ಲದೆ ಕೊನೆಯ ಹಂತ ಸರಿಯಾಗುವುದಿಲ್ಲ. 7 ಲೀಟರ್ ಗಾಡಿಯಲ್ಲಿ 4.5 ಬಂತು ಅಂದುಕೊಳ್ಳಿ, ಉಳಿದ 2.5 ಲೀಟರ್ ಎಂಜಿನ್ ಬ್ಲಾಕ್ ಮತ್ತು ಹೀಟರ್ ಒಳಗೇ ಇದೆ. ಬ್ಲಾಕ್‌ನ ಪಕ್ಕದಲ್ಲಿ ಡ್ರೈನ್ ಬೋಲ್ಟ್ ಇದ್ದು ಸಲೀಸಾಗಿ ಬಿಚ್ಚಿದರೆ ಇನ್ನಷ್ಟು ಇಳಿಯುತ್ತದೆ. ತುಕ್ಕು ಹಿಡಿದು ಕೂತಿದ್ದರೆ ಕೆಣಕಬೇಡಿ, ಮುರಿದರೆ ಬೇರೆಯೇ ಕೆಲಸ ಶುರುವಾಗುತ್ತದೆ.

ಥರ್ಮೋಸ್ಟ್ಯಾಟ್ ತೆಗೆದು, ಹೌಸಿಂಗ್ ಹಾಗೇ ಮುಚ್ಚಿ. ಅದು ಕೂತಿದ್ದರೆ ಎಂಜಿನ್ ಕಾಯುವ ತನಕ ತೊಳೆಯುವ ನೀರು ರೇಡಿಯೇಟರ್‌ವರೆಗೆ ಹೋಗುವುದೇ ಇಲ್ಲ.

ಗಸಿ ದಪ್ಪಗಿದ್ದರೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಪೈಪಿನ ನೀರಿನಲ್ಲಿ ಬಿಡಿಬಿಡಿಯಾಗಿ ತೊಳೆಯಬೇಕು. ಹಾಗೇ ಓಡಿಸಿದರೆ ವಾಟರ್ ಪಂಪ್ ಆ ಅಂಬಲಿಯನ್ನೆಲ್ಲ ಹೀಟರ್ ಕೋರ್‌ಗೆ ತಳ್ಳುತ್ತದೆ. ರೇಡಿಯೇಟರ್‌ಗೆ ಕೆಳಗಿನ ಬಾಯಿಂದ ನೀರು ಬಿಟ್ಟು ಮೇಲಿನಿಂದ ಹೊರಬರಲಿ, ಅಂದರೆ ಮಾಮೂಲಿ ಹರಿವಿಗೆ ಎದುರು. ಎಂಜಿನ್‌ಗೂ ಹರಿವಿಗೆ ಎದುರೇ: ಮೇಲಿನ ಬಾಯಿಂದ ಬಿಟ್ಟು ಕೆಳಗಿನಿಂದ ಹೊರಬರಲಿ. ಹೀಟರ್ ಕೋರ್‌ನ ಎರಡು ಪೈಪು ಎಂಜಿನ್ ಹಿಂಬದಿಯ ಗೋಡೆಯ ಹತ್ತಿರ ಸಿಗುತ್ತವೆ. ಬಿಚ್ಚಿ ಎರಡೂ ದಿಕ್ಕಿನಿಂದ ಬಿಡಿ. ನಮ್ಮ ಕಡೆ ಹೀಟರ್ ಬಳಸುವವರೇ ಕಡಿಮೆ, ಹತ್ತು ವರ್ಷದ ಕೊಳೆ ಅಲ್ಲೇ ಹೆಪ್ಪುಗಟ್ಟಿರುತ್ತದೆ. ಮನೆಯ ನಲ್ಲಿಯ ಒತ್ತಡ ಸಾಕು. ಕಾರ್ ವಾಶ್ ಗನ್ ಅಥವಾ ಕಂಪ್ರೆಸರ್ ಗಾಳಿ ಹಿಡಿದರೆ ಹಳೆಯ ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಅಲ್ಯೂಮಿನಿಯಂ ಕೋರ್‌ನಿಂದ ಬಿಟ್ಟುಬರುತ್ತದೆ.

ಪ್ಲಾಸ್ಟಿಕ್ ಡಬ್ಬಿಯನ್ನು ಬಿಚ್ಚಿ ತೊಳೆಯಿರಿ. ಬಿಸಿ ನೀರು, ಸೋಪು, ಒಂದು ಹಿಡಿ ಅಕ್ಕಿ ಹಾಕಿ ಕುಲುಕಿ; ಬ್ರಶ್ ತಲುಪದ ಮೂಲೆಗೆ ಅಕ್ಕಿ ತಲುಪುತ್ತದೆ. ಆಮೇಲೆ ಒಂದು ಕಾಳೂ ಉಳಿಯದಂತೆ ತೊಳೆದು ತೆಗೆಯಿರಿ.

ಹಂತ 6: ಜಿಡ್ಡಿಗೆ ಸೋಪಿನ ಸುತ್ತು

ಪಾತ್ರೆ ತೊಳೆಯುವ ಮಾಮೂಲಿ ಲಿಕ್ವಿಡ್ ಹಾಕುವುದೇ ಎಲ್ಲರೂ ಮಾಡುವ ತಪ್ಪು. ಪಂಪ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆ ತುಂಬಿದ ಕಡೆ ನೀರಿಲ್ಲ, ನೀರಿಲ್ಲದ ಕಡೆ ಹೆಡ್ ಕಾದು ಸೊಟ್ಟಾಗುತ್ತದೆ. ನೊರೆ ಬಾರದ ಸೋಪೇ ಬೇಕು: ಡಿಶ್‌ವಾಶರ್ ಮೆಶಿನ್ನಿಗೆ ಹಾಕುವ ಪುಡಿ 50 ಗ್ರಾಂ, ಅಥವಾ ಫ್ರಂಟ್ ಲೋಡ್ ವಾಶಿಂಗ್ ಮೆಶಿನ್ನಿನ ಲಿಕ್ವಿಡ್ 50 ಮಿಲಿ. ಪುಡಿಯಾದರೆ ಒಂದು ಜಗ್ ಬಿಸಿ ನೀರಿನಲ್ಲಿ ಪೂರ್ತಿ ಕರಗಿಸಿ, ಸೋಸಿ ಹಾಕಿ.

1. ಹೋಸ್‌ಗಳನ್ನೆಲ್ಲ ಜೋಡಿಸಿ, ಸೋಪಿನ ನೀರು ಹಾಕಿ, ಉಗುರು ಬೆಚ್ಚನೆಯ ನೀರಿನಿಂದ ಮಟ್ಟ ತುಂಬಿ. ಕಾದ ಎಂಜಿನ್‌ಗೆ ತಣ್ಣೀರು ಸುರಿಯಬೇಡಿ, ಹೆಡ್ ಬಿರುಕು ಬಿಡುತ್ತದೆ.

2. ಹೀಟರ್ ಗುಂಡಿ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಕಡಿಮೆ ವೇಗದಲ್ಲಿ. ಹೀಟರ್ ವಾಲ್ವ್ ಇರುವ ಗಾಡಿಗಳಲ್ಲಿ ಇದನ್ನು ಮರೆತರೆ ಹೀಟರ್ ಭಾಗ ಕೊಳಕಾಗೇ ಉಳಿದು, ವಾರದ ಮೇಲೆ ಎಲ್ಲವನ್ನೂ ಮತ್ತೆ ಕೆಡಿಸುತ್ತದೆ.

3. ಸ್ಟಾರ್ಟ್ ಮಾಡಿ 1500–2000 ಆರ್‌ಪಿಎಂನಲ್ಲಿ ಓಡಿಸಿ. ಥರ್ಮೋಸ್ಟ್ಯಾಟ್ ಇಲ್ಲದೆ ಡೀಸೆಲ್ ಎಂಜಿನ್ ಸುಲಭಕ್ಕೆ ಕಾಯುವುದಿಲ್ಲ, ತಣ್ಣಗಿದ್ದರೆ ಜಿಡ್ಡು ಬಿಡುವುದಿಲ್ಲ. ರೇಡಿಯೇಟರ್ ಮುಂದೆ ಒಂದು ರಟ್ಟು ಅಡ್ಡ ಇಟ್ಟು, ಟೆಂಪರೇಚರ್ ಮುಳ್ಳು ಮಾಮೂಲಿ ಜಾಗಕ್ಕೆ ಬರಿಸಿ. ಕಣ್ಣು ಮುಳ್ಳಿನ ಮೇಲೇ ಇರಲಿ; ಮುಕ್ಕಾಲು ದಾಟಿದರೆ ರಟ್ಟು ತೆಗೆಯಿರಿ. ಕಾದ ಮೇಲೆ 20 ನಿಮಿಷ ಸಾಕು.

4. ನಿಲ್ಲಿಸಿ, ಮುಚ್ಚಳ ತೆಗೆಯಬಹುದಾದಷ್ಟು ತಣಿದ ಕೂಡಲೇ ಇಳಿಸಿ. ರಾತ್ರಿಯಿಡೀ ಬಿಟ್ಟರೆ ಬಿಟ್ಟ ಜಿಡ್ಡೆಲ್ಲ ಮತ್ತೆ ಗೋಡೆಗೆ ಅಂಟುತ್ತದೆ. ಈ ಪುಡಿಗಳು ಕ್ಷಾರ, ಅಲ್ಯೂಮಿನಿಯಂ ಜೊತೆ ಹೆಚ್ಚು ಹೊತ್ತು ಇರಿಸಲೂಬಾರದು.

ಮೊದಲ ಸುತ್ತಿನಲ್ಲಿ ಕೆಸರಿನಂತೆ ಬರುತ್ತದೆ. ಮೂರು ನಾಲ್ಕು ಸುತ್ತು ಮಾಮೂಲಿ. ಇಳಿಸಿದ ನೀರನ್ನು ಬಿಳಿ ಮಗ್‌ನಲ್ಲಿ ಹತ್ತು ನಿಮಿಷ ಬಿಟ್ಟಾಗ ಮೇಲೆ ಕಾಮನಬಿಲ್ಲಿನ ಪೊರೆ ಕಾಣದಿದ್ದರೆ ಸೋಪು ನಿಲ್ಲಿಸಿ. ಜಿಡ್ಡು ಬೇಗ ಹೋಗಲಿ ಎಂದು ಡೀಸೆಲ್ ಅಥವಾ ಸೀಮೆಎಣ್ಣೆ ಹಾಕುವವರಿದ್ದಾರೆ. ಹೋಸ್‌ಗಳು ಅದಕ್ಕೇ ಉಬ್ಬಿ ಹಾಳಾಗುತ್ತವೆ.

ಹಂತ 7: ತುಕ್ಕು, ಸುಣ್ಣಕ್ಕೆ ಸಿಟ್ರಿಕ್ ಆಸಿಡ್

ಜಿಡ್ಡು ಹೋದ ಮೇಲಷ್ಟೇ. ಎಣ್ಣೆಯ ಪೊರೆಯ ಅಡಿಯಲ್ಲಿರುವ ಸುಣ್ಣವನ್ನು ಆಸಿಡ್ ಮುಟ್ಟಲಾರದು. ಸೋಪು ಉಳಿದಿರುವಾಗ ಹಾಕಿದರೆ ಎರಡೂ ಒಂದನ್ನೊಂದು ಕೊಂದು ಕೆಲಸ ಕೆಡುತ್ತದೆ, ಆದ್ದರಿಂದ ನಡುವೆ ಎರಡು ಬಾರಿ ಬರೀ ನೀರಿನಲ್ಲಿ ಓಡಿಸಿ.

ಲೀಟರಿಗೆ 20 ಗ್ರಾಂ, ಅಂದರೆ 7 ಲೀಟರಿಗೆ 140 ಗ್ರಾಂ. ಕರಗಿಸಿ ಹಾಕಿ, ಹಂತ 6ರಂತೆಯೇ ಕಾಯಿಸಿ 20 ನಿಮಿಷ ಓಡಿಸಿ ಇಳಿಸಿ. ನೀರು ಚಹಾದ ಬಣ್ಣಕ್ಕೆ ತಿರುಗಿದರೆ ಕೆಲಸ ಆಗುತ್ತಿದೆ. ಮುಂದಿನ ಸುತ್ತಿಗೆ 35 ಗ್ರಾಂ ಅಡುಗೆ ಸೋಡಾ ಕರಗಿಸಿ ಹಾಕಿ, ಐದು ನಿಮಿಷ ಓಡಿಸಿ ಇಳಿಸಿ, ಉಳಿದ ಆಸಿಡ್ ಸಾಯಲಿ. ಆಸಿಡ್ ತುಂಬಿಟ್ಟು ಮಲಗಲು ಹೋಗಬೇಡಿ. ಟಾಯ್ಲೆಟ್ ತೊಳೆಯುವ ಆಸಿಡ್, ಕಾಸ್ಟಿಕ್ ಸೋಡಾ ಎರಡೂ ಅಲ್ಯೂಮಿನಿಯಂ ಹೆಡ್ಡನ್ನೇ ತಿನ್ನುತ್ತವೆ.

ಈ ಸುತ್ತಿನ ಮೇಲೆ ರೇಡಿಯೇಟರ್ ಸೋರಲು ಶುರುವಾದರೆ ಆಸಿಡ್‌ಗೆ ಬೈಯಬೇಡಿ. ತೂತು ಮೊದಲೇ ಇತ್ತು, ತುಕ್ಕು ಅದಕ್ಕೆ ಬಿರಡೆಯಾಗಿತ್ತು.

ಹಂತ 8: ಎಷ್ಟು ಬಾರಿ ಜಾಲಾಡಬೇಕು?

ಒಂದು ಬಾರಿ ಸಾಲದು, ಲೆಕ್ಕ ನೋಡಿ. ಪ್ರತಿ ಸಲ 7ರಲ್ಲಿ 2.5 ಲೀಟರ್ ಒಳಗೇ ಉಳಿಯುತ್ತದೆ. ಮೊದಲ ಜಾಲಾಟದ ಮೇಲೆ ಹಳೆಯ ಗಲೀಜಿನ ಶೇ 36 ಉಳಿದಿರುತ್ತದೆ, ಎರಡನೆಯದಕ್ಕೆ ಶೇ 13, ಮೂರಕ್ಕೆ ಶೇ 5ರ ಹತ್ತಿರ, ನಾಲ್ಕಕ್ಕೆ ಶೇ 2ಕ್ಕಿಂತ ಕಡಿಮೆ. ನಾಲ್ಕು ಬಾರಿ ಜಾಲಾಡಿ. ಮೊದಲೆರಡಕ್ಕೆ ನಲ್ಲಿ ನೀರು ನಡೆಯುತ್ತದೆ. ಕೊನೆಯ ಎರಡಕ್ಕೆ ಡಿಸ್ಟಿಲ್ಡ್ ನೀರೇ ಬೇಕು, ಏಕೆಂದರೆ ಒಳಗೆ ಉಳಿಯುವ ಆ 2.5 ಲೀಟರ್ ನಿಮ್ಮ ಹೊಸ ಕೂಲೆಂಟಿನ ಭಾಗವಾಗುತ್ತದೆ. ಬೋರ್ ನೀರು ಉಳಿದರೆ ಈಗಷ್ಟೇ ತೆಗೆದ ಸುಣ್ಣವನ್ನು ನೀವೇ ಮತ್ತೆ ಹಾಕಿದಂತೆ. ಪ್ರತಿ ಸಲವೂ ಐದು ನಿಮಿಷ ಎಂಜಿನ್ ಓಡಿಸಿ ಇಳಿಸಬೇಕು, ಸುಮ್ಮನೆ ಸುರಿದು ಇಳಿಸಿದರೆ ಬ್ಲಾಕ್ ಒಳಗಿನದು ಬೆರೆಯುವುದಿಲ್ಲ.

ಹಂತ 9: ಬದಲಿಸಲೇಬೇಕಾದ ಭಾಗಗಳು

ಕೂಲೆಂಟ್ ಹೋಸ್‌ಗಳ ರಬ್ಬರ್ ನೀರಿಗೆ ಮಾಡಿದ್ದು, ಆಯಿಲ್ ತಾಗಿದರೆ ಉಬ್ಬುತ್ತದೆ. ಹಿಸುಕಿದಾಗ ಸ್ಪಂಜಿನಂತೆ ಮೆತ್ತಗಿದ್ದರೆ, ಕ್ಲಿಪ್ ಹತ್ತಿರ ಊದಿಕೊಂಡಿದ್ದರೆ ಬದಲಿಸಿ. ಮುಚ್ಚಳದ ರಬ್ಬರಿಗೂ ಇದೇ ಗತಿ, ಅದನ್ನು ನೋಡುವುದೂ ಬೇಡ, ಹೊಸದು ಹಾಕಿ. ಮುಚ್ಚಳ ಒತ್ತಡ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ, 0.9 ಬಾರ್ ಒತ್ತಡವೇ ಕುದಿಯುವ ಬಿಂದುವನ್ನು ಸುಮಾರು 20 ಡಿಗ್ರಿ ಮೇಲಕ್ಕೆತ್ತುವುದು.

ಹೊಸ ಥರ್ಮೋಸ್ಟ್ಯಾಟನ್ನು ಕೂರಿಸುವ ಮೊದಲು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ತೂಗಾಡಿಸಿ ಕಾಯಿಸಿ. ಮೇಲೆ ಕೊರೆದ ಉಷ್ಣತೆಯ (82, 88 ಎಂದಿರುತ್ತದೆ) ಆಸುಪಾಸಿನಲ್ಲಿ ಬಾಯಿ ಬಿಡಲು ಶುರುಮಾಡಬೇಕು. ಗಾಳಿ ಹೋಗುವ ಸಣ್ಣ ತೂತು ಇದ್ದರೆ ಅದು ಮೇಲ್ಮುಖವಾಗಿರಲಿ.

‘ನಮ್ಮ ಊರಿನ ಬಿಸಿಲಿಗೆ ವಾಲ್ವ್ ಯಾಕೆ ಸಾರ್, ತೆಗೆದುಬಿಡಿ’ ಎನ್ನುವ ಸಲಹೆ ಖಂಡಿತ ಬರುತ್ತದೆ. ಕೇಳಬೇಡಿ. ಡೀಸೆಲ್ ಎಂಜಿನ್ ತಣ್ಣಗೇ ಓಡಿದರೆ ಮೈಲೇಜ್ ಇಳಿಯುತ್ತದೆ, ಮಸಿ ಹೆಚ್ಚುತ್ತದೆ, ಸಿಲಿಂಡರ್ ಸವೆಯುತ್ತದೆ. ಅದಕ್ಕಿಂತ ವಿಚಿತ್ರವೆಂದರೆ ಬೈಪಾಸ್ ಮುಚ್ಚುವ ಜಾತಿಯ ಥರ್ಮೋಸ್ಟ್ಯಾಟ್ ಇರುವ ಎಂಜಿನ್ ಅದಿಲ್ಲದೆ ಘಾಟಿಯಲ್ಲಿ ಇನ್ನೂ ಹೆಚ್ಚು ಕಾಯುತ್ತದೆ. ಬಿಸಿ ನೀರಿನ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಬೈಪಾಸ್‌ನಲ್ಲೇ ಸುತ್ತುತ್ತಿರುತ್ತದೆ.

ಹಂತ 10: ತುಂಬುವುದು ಮತ್ತು ಗಾಳಿ ತೆಗೆಯುವುದು

ಬರೆದಿಟ್ಟ ಅಂಕಿ ಈಗ ತೆಗೆಯಿರಿ. ಒಟ್ಟು 7 ಲೀಟರ್, ಅರ್ಧಕ್ಕರ್ಧ ಬೇಕೆಂದರೆ 3.5 ಲೀಟರ್ ಕಾನ್ಸಂಟ್ರೇಟ್. ಒಳಗೆ 2.5 ಲೀಟರ್ ನೀರಿದೆ, ಹಿಡಿಯುವ ಜಾಗ 4.5. ಮೊದಲು 3.5 ಲೀಟರ್ ಕಾನ್ಸಂಟ್ರೇಟ್, ಆಮೇಲೆ 1 ಲೀಟರ್ ಡಿಸ್ಟಿಲ್ಡ್ ನೀರು. ಇದರ ಬದಲು ರೆಡಿ ಮಿಕ್ಸ್ 4.5 ಲೀಟರ್ ಹಾಕಿದರೆ ಅದರಲ್ಲಿ ಗ್ಲೈಕಾಲ್ ಇರುವುದು 2.25 ಲೀಟರ್ ಮಾತ್ರ, ಒಟ್ಟು ಲೆಕ್ಕಕ್ಕೆ ಶೇ 32. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಭಯವಿಲ್ಲ ನಿಜ, ಆದರೆ ತುಕ್ಕು ತಡೆಯುವ ರಾಸಾಯನಿಕವೂ ಅದೇ ಪ್ರಮಾಣದಲ್ಲಿ ತೆಳುವಾಗುತ್ತದೆ. ಹಾಗೆಂದು ಬರೀ ಕಾನ್ಸಂಟ್ರೇಟ್ ತುಂಬುವುದೂ ತಪ್ಪು. ಶಾಖ ಹೊರುವುದರಲ್ಲಿ ಗ್ಲೈಕಾಲ್ ನೀರಿಗಿಂತ ಹಿಂದೆ.

ಯಾವ ಕೂಲೆಂಟ್ ಎಂಬುದಕ್ಕೆ ಬಣ್ಣ ನೋಡಬೇಡಿ, ಅದು ಬರೀ ಡೈ. ಮ್ಯಾನ್ಯುಯಲ್ ಹೇಳುವ ಜಾತಿ ಬಾಟಲಿಯ ಹಿಂದೆ ಬರೆದಿದೆಯೇ ನೋಡಿ. ಐಎಸ್ 5759 ಅಥವಾ ಜೆಐಎಸ್ ಕೆ 2234 ಎಂಬ ಗುರುತೂ ಇಲ್ಲದ ಬಣ್ಣದ ನೀರನ್ನು ಅಂಗಡಿಯಲ್ಲೇ ಬಿಡಿ.

ನಿಧಾನ ಸುರಿಯಿರಿ. ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ನೀರು ಎಳೆಯಾಗಿ ಬಂದಾಗ ಬಿಗಿಮಾಡಿ. ಗಾಡಿಯ ಮೂತಿ ಏರು ಕಡೆಗಿದ್ದರೆ ಒಳ್ಳೆಯದು. ಹೀಟರ್ ಪೂರ್ತಿ ಬಿಸಿಗಿಟ್ಟು ಓಡಿಸುತ್ತ ಮೇಲಿನ ಹೋಸನ್ನು ಹಿಸುಕುತ್ತಿರಿ. ಎಲೆಕ್ಟ್ರಿಕ್ ಫ್ಯಾನ್ ಇದ್ದರೆ ಅದು ಎರಡು ಬಾರಿ ಓಡಿ ನಿಲ್ಲುವ ತನಕ ಬಿಡಿ. ಸುಮೊ, ಬೊಲೆರೊಗಳಂತೆ ಎಂಜಿನ್ನಿಗೇ ಕೂರಿಸಿದ ಫ್ಯಾನ್ ಇದ್ದರೆ ಮೇಲಿನ ಹೋಸ್ ಇದ್ದಕ್ಕಿದ್ದಂತೆ ಬಿಸಿಯಾಗುವುದೇ ಥರ್ಮೋಸ್ಟ್ಯಾಟ್ ತೆರೆದ ಗುರುತು. ಹೋಸ್ ಮುಟ್ಟುವ ಕೈ, ಅಂಗಿಯ ತೋಳು ಆ ಫ್ಯಾನ್‌ನಿಂದ ದೂರವಿರಲಿ. ಎಲೆಕ್ಟ್ರಿಕ್ ಫ್ಯಾನ್ ಕೀ ತೆಗೆದ ಮೇಲೂ ತಿರುಗಬಹುದು.

ಹೀಟರ್‌ನಿಂದ ತಣ್ಣನೆ ಗಾಳಿಯೇ ಬರುತ್ತಿದ್ದರೆ ಗಾಳಿ ಒಳಗೇ ಸಿಕ್ಕಿಕೊಂಡಿದೆ, ರಸ್ತೆಗೆ ಇಳಿಸಬೇಡಿ.

ಹಂತ 11: ಮುಂದಿನ ಮೂರು ಸಾವಿರ ಕಿಲೋಮೀಟರ್

ಮೊದಲ 50 ಕಿಲೋಮೀಟರ್ ಊರಿನ ಸುತ್ತಲೇ ಓಡಿಸಿ. ಮರುದಿನ ತಣ್ಣಗಿರುವಾಗ ಮಟ್ಟ ನೋಡಿ ಡಿಸ್ಟಿಲ್ಡ್ ನೀರು ಸೇರಿಸಿ; ಕಾಲು ಲೀಟರ್‌ವರೆಗೆ ಇಳಿದಿದ್ದರೆ ಉಳಿದ ಗಾಳಿ ಹೊರಬಂದಿದ್ದು, ಗಾಬರಿ ಬೇಡ. ಮೂರನೆಯ ದಿನವೂ ಇಳಿಯುತ್ತಿದ್ದರೆ ಹಂತ 3ಕ್ಕೆ ವಾಪಸ್.

ಓಡಿಸುವಾಗ ಟೆಂಪರೇಚರ್ ಮುಳ್ಳು ಏರಿದರೆ ಎಲ್ಲರೂ ನಿಲ್ಲಿಸುತ್ತಾರೆ. ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೂ ನಿಲ್ಲಿಸಬೇಕು. ಸೆನ್ಸರ್ ನೀರಿನಲ್ಲಿ ಮುಳುಗಿದ್ದಾಗ ಮಾತ್ರ ನಿಜ ಹೇಳುತ್ತದೆ. ಕೂಲೆಂಟ್ ಎಲ್ಲ ಸೋರಿಹೋದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗಿದೆ ಎನ್ನಬಹುದು.

ಎರಡು ವಾರದಲ್ಲಿ ಡಬ್ಬಿಯ ಗೋಡೆಗೆ ತೆಳುವಾದ ಜಿಡ್ಡಿನ ಗೆರೆ ಕಾಣುವುದು ಸಹಜ, ಹೋಸ್ ಮತ್ತು ಮೂಲೆಗಳಲ್ಲಿ ಉಳಿದದ್ದು ಹೊರಬರುತ್ತಿದೆ. ತಣ್ಣಗಿರುವಾಗ ಟಿಶ್ಯೂ ಪೇಪರನ್ನು ನೀರಿನ ಮೇಲೆ ತೇಲಿಸಿ ಹೀರಿ ತೆಗೆಯಿರಿ. ವಾರದಿಂದ ವಾರಕ್ಕೆ ಗೆರೆ ತೆಳುವಾಗುತ್ತ ಹೋದರೆ ಹಳೆಯ ಜಿಡ್ಡು. ದಪ್ಪವಾಗುತ್ತ ಹೋದರೆ, ಜೊತೆಗೆ ಡಿಪ್‌ಸ್ಟಿಕ್ ಮಟ್ಟವೂ ಇಳಿಯುತ್ತಿದ್ದರೆ, ರಿಪೇರಿ ನಿಂತಿಲ್ಲ. ಜಿಡ್ಡು ಹೊಕ್ಕಿದ್ದ ಗಾಡಿಯಲ್ಲಿ 3,000 ಕಿಲೋಮೀಟರ್ ಆಸುಪಾಸಿನಲ್ಲಿ ಕೂಲೆಂಟನ್ನು ಇನ್ನೊಮ್ಮೆ ಬದಲಿಸಿ. ಆ ಸಲ ಒಳಗೆ ಉಳಿಯುವುದು ನೀರಲ್ಲ, ಅರ್ಧಕ್ಕರ್ಧ ಕೂಲೆಂಟೇ, ಹಾಗಾಗಿ ಅದೇ ಜಾತಿಯ ರೆಡಿ ಮಿಕ್ಸ್ ಹಾಕಬಹುದು.

ಇಳಿಸಿದ ಹಳೆಯ ಕೂಲೆಂಟ್

ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷವೂ ಹೌದು. ಅಂಗಳದಲ್ಲಿ ಬಕೆಟ್ ತೆರೆದಿಟ್ಟರೆ ನಾಯಿ, ದನ ಬಂದು ನೆಕ್ಕುತ್ತವೆ; ಕಿಡ್ನಿ ಹಾಳಾಗಿ ಸಾಯುತ್ತವೆ. ನೆಲಕ್ಕೆ ಚೆಲ್ಲಿದ್ದನ್ನು ತುಂಬಾ ನೀರು ಹಾಕಿ ತೊಳೆಯಿರಿ. ಹಳೆಯ ಕೂಲೆಂಟ್ ಮತ್ತು ಮೊದಲ ಸೋಪಿನ ಸುತ್ತಿನ ನೀರನ್ನು ಕ್ಯಾನ್‌ಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ‘ವಿಷ’ ಎಂದು ಬರೆದು, ತ್ಯಾಜ್ಯ ತೆಗೆದುಕೊಳ್ಳುವ ಸರ್ವಿಸ್ ಸೆಂಟರ್‌ಗೆ ಕೊಡಿ. ಹಳೆಯ ಎಂಜಿನ್ ಆಯಿಲ್ ಇದ್ದರೆ ಬೇರೆ ಕ್ಯಾನ್‌ನಲ್ಲಿರಲಿ. ಎರಡೂ ಬೆರೆತರೆ ಅವರು ಮುಟ್ಟುವುದಿಲ್ಲ.